ದಿಗ್ಬೋಯಿಗೆ ಹೋಗೋರು ಕಿಟಕಿ ಸೀಟು ಬಿಡಬೇಡಿ

ದಿಗ್ಬೋಯಿ ಅಸ್ಸಾಂನಲ್ಲಿ ಕಚ್ಚಾ ಎಣ್ಣೆ ಸಿಗೋ ಊರು. ಅಲ್ಲಿಗೆ ಹೊರಟಾಗ ತಿನ್ಸುಕಿಯಾದಲ್ಲಿ ಸುಮೋ ಚಾಲಕನೊಬ್ಬ "ಶೇರಿಂಗ್ ಗಾಡಿ ಎಲ್ಲಾ ಹೋಯ್ತು, ರಿಸರ್ವ್ ಮಾತ್ರ" ಅಂತ ಇಡೀ ಗಾಡಿಯ ಬಾಡಿಗೆ ಇಸ್ಕೊಂಡ. ಊರು ದಾಟಿದ್ದೇ ತಡ, ಕೈ ಅಡ್ಡ ಹಾಕಿದವರನ್ನೆಲ್ಲ ಹತ್ತಿಸಿದ. ನನ್ನ ಮಂಡಿ ಮೇಲೆ ಯಾರದೋ ಅಕ್ಕಿ ಚೀಲ. ಹತ್ತೋ ಮೊದಲು ಪಕ್ಕದಲ್ಲಿ ನಿಂತ ಊರಿನವರನ್ನು ದರ ಕೇಳಿ. ಕಿಟಕಿ ಸೀಟಿಗೆ ಮಾತ್ರ ಜಗಳ ಆಡಿಯಾದ್ರೂ ಕೂರಿ.

ಯಾಕಂದ್ರೆ ನೋಡಬೇಕಾದ್ದು ದಾರಿಯಲ್ಲೇ ಇದೆ. ಮೊದಲು ಚಹಾ ತೋಟ, ಸಪಾಟು ನೆಲ. ದಿಗ್ಬೋಯಿ ಹತ್ತಿರ ಬಂದಂತೆ ರಸ್ತೆ ಏರುತ್ತದೆ, ಗುಡ್ಡಗಳು ಶುರು. ಇದು ನಾಗಾ ಥ್ರಸ್ಟ್ ಎಂಬ ದೊಡ್ಡ ಬಿರುಕಿನ ಸೀಮೆ. ಭಾರತದ ಭೂಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ಬರ್ಮಾ ಕಡೆಯ ಫಲಕಕ್ಕೆ ಒತ್ತಿದಾಗ ಆಗ್ನೇಯದ ಕಲ್ಲಿನ ಪದರಗಳು ಜಾರಿ ಬಯಲಿನ ಮೇಲೇರಿದವು, ಕಂಬಳಿ ತಳ್ಳಿದಂತೆ ಮಡಚಿಕೊಂಡವು. ಮಡಿಕೆಯ ಉಬ್ಬಿನಲ್ಲಿರುವ ತಿಪಾಮ್ ಎಂಬ ಮರಳುಗಲ್ಲಿನ ಪದರದಲ್ಲಿ ಎಣ್ಣೆ ನಿಂತಿತು, ಒಂದಿಷ್ಟು ನೆಲದ ಮೇಲೂ ಜಿನುಗಿತು. 1889ರಲ್ಲಿ ಇಲ್ಲಿ ಬಾವಿ ಕೊರೆಯಲು ಶುರು ಮಾಡಿದರು, 1901ರಲ್ಲಿ ಸಂಸ್ಕರಣಾಗಾರ ಬಂತು. ಮ್ಯೂಸಿಯಂನಲ್ಲಿ ಆ ಮೊದಲ ಬಾವಿ ಈಗಲೂ ಇದೆ.

ನನಗೆ ಆಶ್ಚರ್ಯ ಆದದ್ದು ಬಯಲಿನ ಕಥೆ. ಅಲ್ಲಿನ ಇನ್ನೊಂದು ಊರು ನಹರ್‌ಕಟಿಯಾದಲ್ಲೂ ಎಣ್ಣೆ ಇದೆ, ಆದರೆ ಮೇಲೆ ನೋಡಿದರೆ ಏನೂ ಇಲ್ಲ. ನದಿಯ ಮಣ್ಣಿನ ಕೆಳಗೆ ಬಿರುಕುಗಳು ಪದರಗಳನ್ನು ಕತ್ತರಿಸಿ ಮೇಲೆ ಕೆಳಗೆ ಜರುಗಿಸಿವೆ, ಎಣ್ಣೆ ಕಟ್ಟೆಯಂತಾದ ಆ ಬಿರುಕುಗಳ ಹಿಂದೆ ನಿಂತಿದೆ. ಅದು ಸಿಕ್ಕಿದ್ದು 1953ರಲ್ಲಿ! ದಿಗ್ಬೋಯಿ ಕಂಡ ಅರವತ್ತು ವರ್ಷಕ್ಕೂ ಜಾಸ್ತಿ ಆದ ಮೇಲೆ. ಗುಡ್ಡ ಇಲ್ಲದ ಕಡೆ ಎಣ್ಣೆ ಹುಡುಕೋದು ಅಷ್ಟು ಕಷ್ಟ ಅಲ್ವಾ.

ರೂಮಿನ ಬಗ್ಗೆ ಹೇಳೋದೇ ಬೇಡ, ಗೋಡೆ ಒದ್ದೆ, ಬಾಡಿಗೆ ಬೆಂಗಳೂರಿನದು. ಅಲ್ಲಿ ಸುಮ್ನೆ ಮಲಗಿ, ಊಟ ಮಾಡಬೇಡಿ. ಬಜಾರಿನಲ್ಲಿ ತಗಡಿನ ಮಾಡಿನ ಚಿಕ್ಕ ಹೋಟೆಲುಗಳಿವೆ. ನಾನು ಹೋದಲ್ಲಿ ಬಾಳೆಎಲೆ ಮೇಲೆ ಬಿಸಿ ಅನ್ನ, ಹುಳಿ ಮೀನಿನ ಸಾರು (ಮಾಸೋರ್ ತೆಂಗಾ), ಸಾಸಿವೆ ಎಣ್ಣೆ ಹಾಕಿ ಹಿಸುಕಿದ ಆಲೂ ಪಿಟಿಕಾ. ಅಮ್ಮ ಒಬ್ಬರು ಕೇಳದೇನೇ ಅನ್ನ ಬಡಿಸ್ತಾ ಹೋದರು, ಮೂರನೇ ಸಲ ಕೈ ಅಡ್ಡ ಹಿಡಿದರೂ ಬಿಡಲಿಲ್ಲ. ಸಸ್ಯಾಹಾರಿಗಳಿಗೆ ಬೇಳೆ, ಪಿಟಿಕಾ ಸಾಕು. ಕೊಟ್ಟ ದುಡ್ಡು ಆ ಸುಮೋದ ಹತ್ತನೇ ಒಂದು ಭಾಗವೂ ಅಲ್ಲ.

ಚಳಿಗಾಲದಲ್ಲಿ ನಾಲ್ಕೂವರೆ ಹೊತ್ತಿಗೇ ಸೂರ್ಯ ಮುಳುಗ್ತಾನೆ. ವಾಪಸ್ ಶೇರಿಂಗ್ ಗಾಡಿ ಬೇಕಿದ್ದರೆ ಮೂರಕ್ಕೆಲ್ಲ ಸ್ಟ್ಯಾಂಡಿನಲ್ಲಿರಿ.