ಆಫ್ ಮಾಡಿದರೂ ಆರದ ಹೆಡ್‌ಲೈಟ್

ಕೊನೆಗೂ ಕಾರಣ ಸಿಕ್ಕಿತು! ನನ್ನ ಮಾಡೆಲ್ ರೈಲಿನ (ಎಚ್‌ಒ ಅಳತೆ) ಡೀಸೆಲ್ ಎಂಜಿನ್‌ನ ಮುಂದಿನ ಎಲ್‌ಇಡಿ ಈಗ ಕಂಟ್ರೋಲರ್‌ನ ದೀಪದ ಬಟನ್ ಎಫ್0 ಒತ್ತಿದರೆ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಇಷ್ಟೇ ತಾನೇ ಅನ್ನಬೇಡಿ, ಈ ಇಷ್ಟಕ್ಕೆ ನಾನು ಪಟ್ಟ ಪಾಡು ಜಾಸ್ತಿ.

ಹಳೇ ಬಲ್ಬ್ ಕಿತ್ತಿದ್ದು, ಡಿಕೋಡರ್ (ಹಳಿಯಿಂದ ಬರುವ ಆದೇಶ ಓದಿ ಮೋಟರ್, ದೀಪ ನಡೆಸುವ ಪುಟ್ಟ ಸರ್ಕ್ಯೂಟ್) ಕೂರಿಸಿದ್ದು, 0603 ಅಳತೆಯ ಪುಟ್ಟ ಎಲ್‌ಇಡಿಗೆ ಎನಾಮಲ್ ಲೇಪದ ತೆಳು ತಂತಿ ಬೆಸುಗೆ ಹಾಕಿದ್ದು ನಿಮಗೆಲ್ಲ ಗೊತ್ತಿರುವುದೇ. ಎಲ್‌ಇಡಿ ಮಾರಿದವರ ಮೇಲೆ ಮಾತ್ರ ನನಗೆ ಇನ್ನೂ ಸಿಟ್ಟಿದೆ. 'ವಾರ್ಮ್ ವೈಟ್' ಅಂತ ಬರೆದ ಒಂದೇ ಪ್ಯಾಕೆಟ್‌ನಲ್ಲಿ ಕೆಲವು ಹಳದಿ, ಕೆಲವು ನೀಲಿ ಛಾಯೆ. ಡೇಟಾಶೀಟ್ ಇಲ್ಲ. ಕ್ಯಾಥೋಡ್ (ನೆಗೆಟಿವ್ ತುದಿ) ಗುರುತು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಗಾಗಿ 1.6 ಮಿ.ಮೀ. ಉದ್ದದ ಚೂರುಗಳನ್ನು ಒಂದೊಂದಾಗಿ ಮಲ್ಟಿಮೀಟರ್‌ಗೆ ಹಿಡಿದು ನೋಡಬೇಕಾಯಿತು. ಒಂದು ಚೀಟಿ ಹಾಕಿ ಕಳಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಸರಿ, ತೊಂದರೆಗೆ ಬರೋಣ. ಬಾಡಿ ತೆಗೆದು ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿತ್ತು. ಬಾಡಿ ಕೂರಿಸಿ ಸ್ಕ್ರೂ ಬಿಗಿದು ಹಳಿ ಮೇಲಿಟ್ಟರೆ, ಯಾವ ಬಟನ್ ಒತ್ತದೆಯೂ ಮುಂದಿನ ದೀಪ ಮಂಕಾಗಿ ಉರಿಯುತ್ತಿತ್ತು. ಎಫ್0 ಒತ್ತಿದರೆ ಒಂದು ಕ್ಷಣ ಮಿಂಚಿ ಮತ್ತೆ ಅದೇ ಮಂಕು. ಹಿಂದಿನ ದೀಪಕ್ಕೆ ಯಾವ ರೋಗವೂ ಇಲ್ಲ.

ಮೊದಲ ಅನುಮಾನ ಎಲ್ಲರಿಗೂ ಬರುವಂತೆ ಡಿಕೋಡರ್‌ನ ಸೆಟ್ಟಿಂಗ್ ಸಿವಿ 29ರ ಮೇಲೆ. ಕಂಟ್ರೋಲರ್ ಮತ್ತು ಡಿಕೋಡರ್ ನಡುವೆ ಸ್ಪೀಡ್ ಸ್ಟೆಪ್ (ವೇಗದ ಮೆಟ್ಟಿಲು) ಒಂದಕ್ಕೆ 14, ಇನ್ನೊಂದಕ್ಕೆ 28 ಅಂತ ಹೊಂದಾಣಿಕೆ ತಪ್ಪಿದರೆ ದೀಪ ಹತ್ತಿ ಆರುವುದು ಉಂಟಲ್ವಾ? ಆದರೆ ಅದು ವೇಗ ಬದಲಾದಂತೆ ಆಗುವ ಆಟ. ಇದು ನಿಂತಲ್ಲೇ ಉರಿಯುತ್ತಿದೆ. ಯಾವ ಬಟನ್‌ಗೆ ಯಾವ ದೀಪ ಅನ್ನುವ ಸಿವಿ 33, 34ರ ಮ್ಯಾಪಿಂಗ್ ಕೂಡ ಸರಿಯಿತ್ತು. ಡಿಕೋಡರ್ ಒಳಗೇ ಸೋರಿಕೆ ಇರಬಹುದೇ ಅಂತ ಮುಂದಿನ ದೀಪದ ಬಿಳಿ ತಂತಿಯನ್ನು ಡಿಕೋಡರ್ ಕಡೆ ಬಿಡಿಸಿಬಿಟ್ಟೆ. ಬಾಡಿ ಹಾಕಿ ಹಳಿ ಮೇಲಿಟ್ಟೆ. ದೀಪ ಉರಿಯುತ್ತಲೇ ಇದೆ!

ಇಲ್ಲಿಗೆ ಡಿಕೋಡರ್ ನಿರಪರಾಧಿ. ಕರೆಂಟ್ ಬೇರೆ ದಾರಿ ಹಿಡಿದಿದೆ. ಬಿಡಿಸಿದ ತಂತಿಯ ತುದಿಗೆ ಉದ್ದನೆಯ ತಂತಿ ಸೇರಿಸಿ ಕಪ್ಲರ್ (ಬೋಗಿ ಜೋಡಿಸುವ ಕೊಂಡಿ) ಸಂದಿಯಿಂದ ಹೊರಗೆಳೆದೆ. ಮೀಟರ್‌ನ ಒಂದು ತುದಿ ಅದಕ್ಕೆ, ಇನ್ನೊಂದು ಚಾಸಿಗೆ (ಎಂಜಿನ್‌ನ ಲೋಹದ ಅಡಿಭಾಗಕ್ಕೆ). ಮುಂದಿನ ಸ್ಕ್ರೂ ನಿಧಾನಕ್ಕೆ ತಿರುಗಿಸುತ್ತಾ ಹೋದೆ. ಕೊನೆಯ ಅರ್ಧ ಸುತ್ತಿಗೆ ಮೀಟರ್ ಬೀಪ್ ಅಂದಿತು. ಬಾಡಿಯ ಸ್ಕ್ರೂ ಕಂಬ ತಂತಿಯನ್ನು ಚಾಸಿಯ ಅಂಚಿಗೆ ಒತ್ತುತ್ತಿತ್ತು. ಕಾರ್ಖಾನೆಯಲ್ಲಿ ಎರಕ ಹೊಯ್ದ ಮೇಲೆ ಆ ಅಂಚನ್ನು ಉಜ್ಜಿಯೇ ಇಲ್ಲ, ಬ್ಲೇಡ್‌ನಂತೆ ಚೂಪಾಗಿದೆ. ಎನಾಮಲ್ ಸೀಳಿಹೋಗಿತ್ತು.

ಈಗ ಎಲ್ಲಕ್ಕೂ ಲೆಕ್ಕ ಸಿಗುತ್ತದೆ. ನೀಲಿ ತಂತಿ ಯಾವಾಗಲೂ ಪಾಸಿಟಿವ್. ಬಿಳಿ ತಂತಿ ಎಫ್0 ಒತ್ತಿದಾಗ ಮಾತ್ರ ನೆಗೆಟಿವ್‌ಗೆ ಸೇರುತ್ತದೆ. ಈ ಎಂಜಿನ್‌ನಲ್ಲಿ ಚಾಸಿಯೇ ಬಲ ಹಳಿಯಿಂದ ಕರೆಂಟ್ ಎತ್ತುವ ಪಿಕಪ್. ಡಿಸಿಸಿಯಲ್ಲಿ (ಹಳಿಯ ಕರೆಂಟ್ ಮೂಲಕವೇ ಆದೇಶ ಕಳಿಸುವ ಡಿಜಿಟಲ್ ಪದ್ಧತಿ) ಹಳಿಗಳ ಧ್ರುವ ಸೆಕೆಂಡಿಗೆ ಸಾವಿರಾರು ಸಲ ತಿರುಗುಮುರುಗಾಗುತ್ತದೆ. ಆ ಆದೇಶದ 1ರ ಬಿಟ್‌ನಲ್ಲಿ ಪ್ರತಿ ಅರ್ಧಕ್ಕೆ 58 ಮೈಕ್ರೋಸೆಕೆಂಡ್ ಅಷ್ಟೇ. ಬಲ ಹಳಿ ನೆಗೆಟಿವ್ ಆದಾಗೆಲ್ಲ ಎಲ್‌ಇಡಿಗೆ ಚಾಸಿ ಮೂಲಕ ದಾರಿ ತೆರೆಯುತ್ತದೆ. ಅದಕ್ಕೇ ಅರೆಬೆಳಕು. ಎಫ್0 ಒತ್ತಿದಾಗ ಇನ್ನೂ ಅಪಾಯ. ಬಲ ಹಳಿ ಪಾಸಿಟಿವ್ ಆದ ಕ್ಷಣದಲ್ಲಿ ಚಾಸಿಯಿಂದ ಬಿಳಿ ತಂತಿ ಮೂಲಕ ಡಿಕೋಡರ್ ಒಳಕ್ಕೆ ನೇರ ಶಾರ್ಟ್, ನಡುವೆ ಕರೆಂಟ್ ತಡೆಯುವ ಯಾವ ರೆಸಿಸ್ಟರೂ ಇಲ್ಲ. ಡಿಕೋಡರ್‌ಗೆ ಓವರ್‌ಲೋಡ್ ರಕ್ಷಣೆ ಇದ್ದದ್ದರಿಂದ ಔಟ್‌ಪುಟ್ ತಾನೇ ಮುಚ್ಚಿಕೊಂಡು ಬದುಕಿತು.

ಈ ಅರ್ಧ ಅಲೆಯ ಬೆಳಕು ನೋಡುತ್ತಾ ಬೋಗಿಗಳ ದೀಪದ ಯೋಚನೆ ಬಂತು. ಮುಂದಿನ ಕೆಲಸ ಅದೇ! ಪ್ರತಿ ಬೋಗಿಗೂ ಬ್ರಿಡ್ಜ್ ರೆಕ್ಟಿಫೈಯರ್ (ತಿರುಗುಮುರುಗಾಗುವ ಕರೆಂಟನ್ನು ಒಂದೇ ದಿಕ್ಕಿಗೆ ತರುವ ಭಾಗ), ಕರೆಂಟ್ ಕೂಡಿಡುವ ಒಂದು ಕೆಪಾಸಿಟರ್. ಎಲ್ಲ ಕೆಪಾಸಿಟರ್ ಒಟ್ಟಿಗೆ ಚಾರ್ಜ್ ಆಗಲು ಹೊರಟರೆ ಬೂಸ್ಟರ್ (ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಟ್ರಿಪ್ ಆಗುತ್ತದೆ, ಅದಕ್ಕೆ ಪ್ರತಿಯೊಂದಕ್ಕೂ 100 ಓಮ್ ರೆಸಿಸ್ಟರ್, ಅದಕ್ಕೆ ಅಡ್ಡಲಾಗಿ ಡಿಸ್ಚಾರ್ಜ್‌ಗೆ ಒಂದು ಡಯೋಡ್. ಕೊಳೆ ಹಳಿ ಮೇಲೂ ಮಿಣುಕದ ರಾತ್ರಿ ರೈಲು, ಕಣ್ಮುಂದೆ ಬರುತ್ತಿದೆ.

ಮತ್ತೆ ಎಂಜಿನ್‌ಗೆ. ಅಂಚನ್ನು ಅರದಿಂದ ಉಜ್ಜಿ, ಮೇಲೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯಬಿಡದ ತೆಳು ಟೇಪ್) ಅಂಟಿಸಿ, ಹೊಸ ತಂತಿಯನ್ನು ಕಂಬದಿಂದ ದೂರ ಎಳೆದೆ. ಇನ್ನೊಂದು ಬದಲಾವಣೆಯನ್ನು ನೀವೂ ಮಾಡಿ ಅಂತ ಒತ್ತಿ ಹೇಳುತ್ತೇನೆ. ನೀಲಿ ಕಡೆ ಒಂದೇ ರೆಸಿಸ್ಟರ್ ಹಾಕುವ ರೂಢಿ ಬಿಟ್ಟು, ನೀಲಿಗೊಂದು ಬಿಳಿಗೊಂದು 2.2 ಕಿಲೋಓಮ್ ಹಾಕಿದ್ದೇನೆ, ಎರಡನ್ನೂ ಡಿಕೋಡರ್ ಪಕ್ಕದಲ್ಲೇ. ನೀಲಿ ತಂತಿಯಲ್ಲಿ 14 ವೋಲ್ಟ್ ಇದ್ದರೆ, ಎಲ್‌ಇಡಿಯ 3 ವೋಲ್ಟ್ ಕಳೆದು ಸುಮಾರು 2.5 ಮಿಲಿಆಂಪ್, ಹೆಡ್‌ಲೈಟ್‌ಗೆ ಧಾರಾಳ. ಮುಂದೆ ಯಾವ ತಂತಿ ಎಲ್ಲಿ ಚಾಸಿಗೆ ತಗುಲಿದರೂ ಕರೆಂಟ್ ಕೆಲವೇ ಮಿಲಿಆಂಪ್ ದಾಟದು. ಎಲ್‌ಇಡಿಯೂ ಸುಡದು, ಔಟ್‌ಪುಟ್ಟೂ ಸುಡದು.

ಹಿಂದಿನ ದೀಪಕ್ಕೂ ಈ ವಾರ ಹೀಗೇ ಮಾಡಬೇಕು. ಕೆಂಪು ದೀಪಗಳು ಡಿಕೋಡರ್‌ನ ಇನ್ನೊಂದು ಔಟ್‌ಪುಟ್ ಆದ ಹಸಿರು ತಂತಿಗೆ, ಬೇರೆಯದೇ ರೆಸಿಸ್ಟರ್ ಜೋಡಿಯೊಂದಿಗೆ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು, ಬಿಳಿಯದರ ಪಕ್ಕಕ್ಕೆ ನೇರ ಕಟ್ಟಿದರೆ ಕರೆಂಟ್ ಪೂರ್ತಿ ತಾನೇ ಕುಡಿದುಬಿಡುತ್ತದೆ.