ಚಿಕ್ಕ ಮಕ್ಕಳ ಮುಂದೆ ಸುದ್ದಿ ಯಾಕೆ, ಅದೂ ರಜೆಯಲ್ಲಿ?

"ನಿಮ್ಮ ಮಕ್ಕಳು ಇನ್ನೂ ಚಿಕ್ಕವರು. ಅವರ ಮುಂದೆ ಯುದ್ಧ, ಭೂಕಂಪ ಅಂತೆಲ್ಲ ಯಾಕೆ ಮಾತಾಡ್ತೀರಿ? ಗೊತ್ತಿಲ್ಲದಿದ್ದರೆ ಹಾಯಾಗಿರ್ತಾರೆ ಅಲ್ವಾ? ರಜೆಗೆ ಹೋದಾಗಲಾದರೂ ಬಿಡಬಾರದಾ?"

ತಿಂಗಳಿಗೆ ಎರಡು ಸಲವಾದರೂ ಯಾರಾದರೊಬ್ಬರು ನನ್ನನ್ನು ಹೀಗೆ ಕೇಳುತ್ತಾರೆ. ಗೆಳತಿಯರು ಕೇಳುತ್ತಾರೆ, ಆಫೀಸಿನಲ್ಲಿ ಕೇಳುತ್ತಾರೆ, ಅತ್ತೆಯಂತೂ "ಪಾಪ, ಆ ಕೂಸುಗಳಿಗೆ ಇದೆಲ್ಲ ಯಾಕಮ್ಮ" ಅಂತ ಫೋನಿನಲ್ಲೇ ನಿಟ್ಟುಸಿರು ಬಿಡುತ್ತಾರೆ. ಎಲ್ಲರೂ ಮಕ್ಕಳ ಮೇಲಿನ ಪ್ರೀತಿಯಿಂದಲೇ ಕೇಳುವುದು, ಅದು ನನಗೆ ಗೊತ್ತು. ಅದಕ್ಕೇ ಒಂದು ಸಲ ಕೂತು ಸರಿಯಾಗಿ ಉತ್ತರ ಬರೆಯೋಣ ಅನ್ನಿಸಿತು.

ಮಗಳಿಗೆ 8 ವರ್ಷ, ಮಗನಿಗೆ 4. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಒಂದು ಸಾಕ್ಸ್ ಸಿಕ್ಕರೆ ಇನ್ನೊಂದು ಸಿಗುವುದಿಲ್ಲ, ನೀರಿನ ಬಾಟಲಿ ಹಿಂದಿನ ದಿನ ಶಾಲೆಯಲ್ಲೇ ಉಳಿದಿರುತ್ತದೆ, ಮಗ ಬಾಗಿಲ ಹತ್ತಿರ ಕೂತು ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಿಕೊಳ್ಳುತ್ತಿರುತ್ತಾನೆ. ಎಲ್ಲ ಮನೆಗಳ ಹಾಗೆಯೇ ನಮ್ಮದೂ. ಇದರ ನಡುವೆ ಕೂತು ಮಕ್ಕಳಿಗೆ ಪ್ರಪಂಚದ ವಿಷಯ ಹೇಳಿಕೊಡಬೇಕು ಅಂತ ನಾವೇನೂ ಯೋಚನೆ ಮಾಡಿದವರಲ್ಲ. ಮೊದಲು ನಾವೂ ಮುಚ್ಚಿಡುತ್ತಿದ್ದೆವು. ಟಿವಿಯಲ್ಲಿ ಕೆಟ್ಟದ್ದು ಬಂದರೆ ಚಾನೆಲ್ ಬದಲಾಯಿಸುವುದು, ಮಗಳು ರೂಮಿಗೆ ಬಂದರೆ ಮಾತು ನಿಲ್ಲಿಸುವುದು, ಕಣ್ಸನ್ನೆ ಮಾಡುವುದು. ಚೆನ್ನಾಗಿ ನಿಭಾಯಿಸುತ್ತಿದ್ದೇವೆ ಅಂದುಕೊಂಡಿದ್ದೆವು.

2023ರ ಫೆಬ್ರವರಿ. ಮಗಳಿಗೆ ಆಗ 5 ವರ್ಷ. ಹಲ್ಲಿನ ಡಾಕ್ಟರ ಹತ್ತಿರ ನಮ್ಮ ಸರದಿಗೆ ಕಾಯುತ್ತಾ ಕೂತಿದ್ದೆವು. ಗೋಡೆಯ ಮೇಲೆ ಟಿವಿ, ಸದ್ದು ಇರಲಿಲ್ಲ. ನಾನು ಆಫೀಸಿನ ಫೋನಿನಲ್ಲಿದ್ದೆ. ಅವಳು ಸುಮ್ಮನೆ ಕೂತಿದ್ದಾಳೆ ಅಂತ ನನಗೆ ಸಮಾಧಾನ. ರಾತ್ರಿ ನೋಡಿದರೆ ಶೆಲ್ಫಿನ ಮೇಲಿದ್ದ ಗೊಂಬೆಗಳನ್ನೆಲ್ಲ ಒಂದೊಂದಾಗಿ ಇಳಿಸಿ ನೆಲದ ಮೇಲೆ ಸಾಲಾಗಿ ಮಲಗಿಸುತ್ತಿದ್ದಳು. ಯಾಕೆ ಚಿನ್ನಾ ಅಂದೆ.

"ಮೇಲಿಂದ ಬಿದ್ದರೆ ಪೆಟ್ಟಾಗುತ್ತೆ. ಅಮ್ಮಾ, ಇವತ್ತು ಎಷ್ಟು ಮನೆ ಬಿತ್ತು? ನಾನು ಹನ್ನೊಂದು ಎಣಿಸಿದೆ."

ಟರ್ಕಿಯ ಭೂಕಂಪ ಅದು. ಟಿವಿಯವರು ಒಂದೇ ಕಟ್ಟಡ ಕುಸಿಯುವುದನ್ನು ಹನ್ನೊಂದು ಸಲ ತೋರಿಸಿದ್ದರು. ಇವಳ ಲೆಕ್ಕದಲ್ಲಿ ಅವು ಹನ್ನೊಂದು ಮನೆಗಳು. ಆಮೇಲೆ ಓದಿದಾಗ ಗೊತ್ತಾಯಿತು, 2001ರ ಸೆಪ್ಟೆಂಬರ್ 11ರ ನಂತರವೂ ಹೀಗೇ ಆಗಿತ್ತಂತೆ. ಟಿವಿಯಲ್ಲಿ ಅದನ್ನೇ ಮತ್ತೆ ಮತ್ತೆ ನೋಡಿದ ಪುಟ್ಟ ಮಕ್ಕಳು ಪ್ರತಿ ಸಲವೂ ಹೊಸ ವಿಮಾನ ಬಂದು ಹೊಸ ಕಟ್ಟಡಕ್ಕೆ ಬಡಿಯುತ್ತಿದೆ ಅಂದುಕೊಂಡಿದ್ದರು. ನಮ್ಮ ಕಣ್ಣಿಗೆ ಅದು ಹಳೆಯ ದೃಶ್ಯ. ಅವರ ಕಣ್ಣಿಗೆ ಈಗ, ಈ ಕ್ಷಣ, ಇನ್ನೊಂದು ಮನೆ.

ಆ ರಾತ್ರಿಯೇ ನನಗೆ ಉತ್ತರ ಸಿಕ್ಕಿದ್ದು. ನಾನು ಹೇಳದಿದ್ದರೆ ಅವಳಿಗೆ ಗೊತ್ತಾಗುವುದಿಲ್ಲ ಅನ್ನುವುದು ಸುಳ್ಳು. ಅವಳಿಗೆ ಆಗಲೇ ಗೊತ್ತಾಗಿತ್ತು, ಅದೂ ತಪ್ಪಾಗಿ. ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಒಬ್ಬಳೇ ಗೊಂಬೆಗಳನ್ನು ಕಾಪಾಡುತ್ತಿದ್ದಳು.

ಅವಳ ಪಕ್ಕ ನೆಲದ ಮೇಲೆಯೇ ಕೂತು ಹೇಳಿದೆ. ಬಿದ್ದದ್ದು ಒಂದೇ ಮನೆಯಲ್ಲ, ತುಂಬಾ ಬಿದ್ದಿವೆ, ಆದರೆ ನೀನು ನೋಡಿದ್ದು ಒಂದೇ ಮನೆ, ಅದನ್ನೇ ತಿರುಗಿ ತಿರುಗಿ ತೋರಿಸಿದರು ಅಂತ. "ಅಜ್ಜಿ ಮನೆಗಿಂತ ದೂರಾನಾ?" ಅಂತ ಕೇಳಿದಳು. ಅವಳಿಗೆ ಗೊತ್ತಿದ್ದ ಅತಿ ದೂರದ ಜಾಗ ಅದೇ. ಗ್ಲೋಬ್ ತಂದು ತೋರಿಸಿದೆವು. "ಜನ ಸತ್ತರಾ?" ಅಂದಳು. ಹೌದು, ತುಂಬಾ ಜನ ಅಂದೆ. ಭೂಮಿ ಮೊದಲ ಸಲ ನಡುಗಿದ್ದು ಬೆಳಗಿನ ಜಾವ 4:17ಕ್ಕೆ, ಎಲ್ಲರೂ ಮಲಗಿದ್ದ ಹೊತ್ತು. ತೀವ್ರತೆ 7.8. ಅದೇ ಮಧ್ಯಾಹ್ನ 7.5ರ ಇನ್ನೊಂದು. ಟರ್ಕಿಯೊಂದರಲ್ಲೇ 50 ಸಾವಿರಕ್ಕೂ ಜಾಸ್ತಿ ಜನ ಸತ್ತರು ಅಂತ ಮುಂದೆ ಲೆಕ್ಕ ಸಿಕ್ಕಿತು, ಆದರೆ ಆ ಸಂಖ್ಯೆಯನ್ನು ಅವಳಿಗೆ ಹೇಳಲಿಲ್ಲ. ನೂರರವರೆಗೆ ಎಣಿಸಲು ಕಲಿಯುತ್ತಿದ್ದ ಮಗು ಅದನ್ನಿಟ್ಟುಕೊಂಡು ಏನು ಮಾಡಬೇಕು?

ಹೇಳಿದ್ದು ಜೂಲಿ ಮತ್ತು ರೋಮಿಯೋ ಬಗ್ಗೆ. ಭಾರತದಿಂದ ಹೋಗಿದ್ದ ಎನ್‌ಡಿಆರ್‌ಎಫ್ ರಕ್ಷಣಾ ತಂಡದ ನಾಯಿಗಳು ಅವು. ನುರ್ದಾಗಿ ಅನ್ನುವ ಊರಲ್ಲಿ ಕುಸಿದ ಕಟ್ಟಡದ ಒಂದು ಜಾಗದಲ್ಲಿ ಜೂಲಿ ನಿಂತು ಬೊಗಳಿತು. ನಿಜವೋ ಅಲ್ಲವೋ ಅಂತ ನೋಡಲು ರೋಮಿಯೋನನ್ನು ಕರೆತಂದರು, ಅದೂ ಅಲ್ಲೇ ನಿಂತು ಬೊಗಳಿತು. ಕೆಳಗೆ 6 ವರ್ಷದ ಹುಡುಗಿ ಜೀವಂತ ಇದ್ದಳು. ಮಗಳು ಈ ಕಥೆಯನ್ನು ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ಇನ್ನೊಂದು ವಿಷಯ ಅವಳ ತಲೆಯಲ್ಲಿ ಕೂತುಬಿಟ್ಟಿತು. ಅವಶೇಷದೊಳಗಿಂದ ಯಾರಾದರೂ ಕೂಗುತ್ತಿದ್ದಾರಾ ಅಂತ ಕೇಳಿಸಿಕೊಳ್ಳಲು ರಕ್ಷಣೆಯವರು ಎಲ್ಲರನ್ನೂ ಸುಮ್ಮನಾಗಿಸುತ್ತಾರೆ. ಯಂತ್ರಗಳು ನಿಲ್ಲುತ್ತವೆ, ಮಾತು ನಿಲ್ಲುತ್ತದೆ. ಅದಾದ ಮೇಲೆ ನಮ್ಮ ಮನೆಯಲ್ಲಿ ವಾರಗಟ್ಟಲೆ ಇದೇ ಆಟ. ದಿಂಬುಗಳ ರಾಶಿಯ ಕೆಳಗೆ ತಮ್ಮ, ಆಗಿನ್ನೂ ನೆಟ್ಟಗೆ ಮಾತೂ ಬಾರದವನು. ಇವಳು ಕೈ ಮೇಲೆತ್ತಿ "ಶ್!" ಅಂದರೆ ನಾವು ಮಿಕ್ಸಿ ನಿಲ್ಲಿಸಬೇಕು, ಉಸಿರು ಬಿಗಿ ಹಿಡಿಯಬೇಕು. ಗೊಂಬೆಗಳು ಯಾವಾಗ ಶೆಲ್ಫಿಗೆ ವಾಪಸ್ ಹೋದವು ಅಂತ ನಾನು ಗಮನಿಸಲೇ ಇಲ್ಲ.

ಮಕ್ಕಳಿಗೆ ಸುದ್ದಿಯನ್ನು ಅವರ ಮಟ್ಟಕ್ಕೆ ಇಳಿದು ಹೇಳಬೇಕು ಅನ್ನುವುದು ಹೊಸ ಮಾತೇನಲ್ಲ. ಬಿಬಿಸಿಯವರು 1972ರಿಂದಲೇ ಮಕ್ಕಳಿಗೆಂದೇ ನ್ಯೂಸ್‌ರೌಂಡ್ ಅನ್ನುವ ಕಾರ್ಯಕ್ರಮ ನಡೆಸುತ್ತಿದ್ದಾರೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಸಿಡಿದಾಗ, ಬ್ರಿಟನ್ನಿನ ಟಿವಿಯಲ್ಲಿ ಅದನ್ನು ಮೊದಲು ಹೇಳಿದ್ದೇ ಆ ಮಕ್ಕಳ ಕಾರ್ಯಕ್ರಮ. ಅತ್ತ ಅಮೆರಿಕದಲ್ಲಿ, ನೌಕೆಯಲ್ಲಿ ಕ್ರಿಸ್ಟಾ ಮೆಕಾಲಿಫ್ ಅನ್ನುವ ಟೀಚರ್ ಇದ್ದಾರೆ ಅಂತ ಎಷ್ಟೋ ಶಾಲೆಗಳಲ್ಲಿ ತರಗತಿಯಲ್ಲೇ ಟಿವಿ ಇಟ್ಟು ಮಕ್ಕಳಿಗೆ ನೇರಪ್ರಸಾರ ತೋರಿಸುತ್ತಿದ್ದರು. ಆ ತರಗತಿಗಳಲ್ಲಿ ನಿಂತಿದ್ದ ಮೇಷ್ಟ್ರುಗಳ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಮೂವತ್ತು ಮಕ್ಕಳು ತಿರುಗಿ ನಿಮ್ಮ ಮುಖ ನೋಡುತ್ತಿದ್ದಾರೆ. ಏನು ಹೇಳುತ್ತೀರಿ?

ಹಾಗಂತ ಎಲ್ಲವನ್ನೂ ಹೇಳಿಬಿಡಬೇಕು ಅಂತಲೂ ಅಲ್ಲ. ಅದರಲ್ಲಿ ನಾನೇ ತಪ್ಪು ಮಾಡಿದ್ದೇನೆ. ಹೋದ ವರ್ಷ ಒಂದು ಮಧ್ಯಾಹ್ನ ಮಗಳು "ಯಾಕಮ್ಮ ಇಷ್ಟು ಸೆಕೆ?" ಅಂದಳು. ಅವಳು ಕೇಳಿದ್ದು ಅಷ್ಟೇ. ನಾನು ಶುರುಮಾಡಿದೆ. ದಾಖಲೆಯಲ್ಲೇ ಅತಿ ಬಿಸಿಯಾದ ವರ್ಷ 2024, 2015ರ ಪ್ಯಾರಿಸ್ ಒಪ್ಪಂದದಲ್ಲಿ ದೇಶಗಳೆಲ್ಲ ಭೂಮಿಯ ಬಿಸಿ ಏರಿಕೆ ಒಂದೂವರೆ ಡಿಗ್ರಿ ದಾಟದಂತೆ ನೋಡಿಕೊಳ್ಳಲು ಪ್ರಯತ್ನಿಸುತ್ತೇವೆ ಅಂದಿದ್ದವು, ಆ ಒಂದು ವರ್ಷದ ಮಟ್ಟಿಗೆ ದಾಟಿಯೇ ಬಿಟ್ಟಿತು, ಮಂಜು ಕರಗುತ್ತಿದೆ, ಸಮುದ್ರ ಏರುತ್ತಿದೆ. ಎಲ್ಲವೂ ನಿಜ. ರಾತ್ರಿ ಹನ್ನೊಂದಕ್ಕೆ ಎದ್ದು ಬಂದು ನನ್ನ ಮಗ್ಗುಲಲ್ಲಿ ಮಲಗಿ "ನಾನು ನಿನ್ನಷ್ಟು ದೊಡ್ಡವಳಾದಾಗ ಏನೇನು ಉಳಿದಿರುತ್ತೆ?" ಅಂದಳು. ನನ್ನ ಬಾಯಿ ಕಟ್ಟಿತು. ಅವಳಿಗೆ ಬೇಕಿದ್ದದ್ದು ಒಂದು ಲೋಟ ನೀರು, ಫ್ಯಾನ್ ಮತ್ತು ಎರಡು ವಾಕ್ಯದ ಉತ್ತರ. ನನ್ನ ಭಯವನ್ನೆಲ್ಲ ಅವಳ ಮೇಲೆ ಸುರಿದಿದ್ದೆ.

ಈಗ ಕೇಳಿದ್ದಕ್ಕೆ ಮಾತ್ರ ಉತ್ತರ. ಆಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದು. ಇನ್ನೂ ಬೇಕಿದ್ದರೆ ಅವಳೇ ಕೇಳುತ್ತಾಳೆ. ನನ್ನ ಗಂಡ ಇದರಲ್ಲಿ ನನಗಿಂತ ಜಾಣರು. "ನಿನಗೆ ಏನು ಗೊತ್ತು, ಮೊದಲು ನೀನು ಹೇಳು" ಅಂತ ಅವಳಿಂದಲೇ ಶುರುಮಾಡಿಸುತ್ತಾರೆ. ಅರ್ಧ ಸಲ ಅವಳ ತಲೆಯಲ್ಲಿರುವುದೇ ಬೇರೆ ಇರುತ್ತದೆ. ಇನ್ನು ಚಿತ್ರ, ವಿಡಿಯೋ ಬೇಡವೇ ಬೇಡ. ಮಾತು ಮಾತ್ರ. ಊಟದ ಹೊತ್ತಿಗೆ ಟಿವಿ ಬಂದ್. ಮಲಗುವ ಮುಂಚೆ ಈ ವಿಷಯ ತೆಗೆಯುವುದಿಲ್ಲ.

ಯುದ್ಧದ್ದು ಮಾತ್ರ ನಿಜವಾಗಿ ಕಷ್ಟ. ಭೂಕಂಪ ಯಾರ ತಪ್ಪೂ ಅಲ್ಲ, ಯುದ್ಧ ಹಾಗಲ್ಲವಲ್ಲ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಶುರುಮಾಡಿದಾಗ ಮಗ ತೊಟ್ಟಿಲಲ್ಲಿದ್ದ. ಅವನು ಕೂತ, ನಿಂತ, ಓಡಿದ, ಶಾಲೆಗೂ ಸೇರಿದ, ಯುದ್ಧ ನಡೆದೇ ಇತ್ತು. "ಜಗಳ ಬಿಡಿಸೋಕೆ ದೊಡ್ಡವರು ಯಾರೂ ಇಲ್ವಾ?" ಅಂತ ಮಗಳು ಕೇಳಿದಳು. ಇದ್ದಾರೆ, ವಿಶ್ವಸಂಸ್ಥೆ ಅಂತ ಇದೆ, ಅದರಲ್ಲಿ ಭದ್ರತಾ ಮಂಡಳಿ ಅಂತ ಒಂದಿದೆ, ಅಲ್ಲಿ 15 ದೇಶ ಕೂರುತ್ತವೆ, ಆದರೆ ಅದರಲ್ಲಿ 5 ದೇಶಗಳಲ್ಲಿ ಯಾವುದಾದರೂ ಒಂದು ಬೇಡ ಅಂದರೆ ಕೆಲಸ ಅಲ್ಲಿಗೇ ನಿಂತಿತು ಅಂದೆವು. ದಾಳಿ ಶುರುವಾದ ಮರುದಿನವೇ ಅಲ್ಲಿ ಅದರ ವಿರುದ್ಧ ನಿರ್ಣಯ ಬಂದಿತ್ತು. 11 ದೇಶ ಹೌದು ಅಂದವು, 3 ದೇಶ ಸುಮ್ಮನಿದ್ದವು, ರಷ್ಯಾ ಬೇಡ ಅಂತು. "ಹೊಡೆದವರನ್ನೇ ಕೇಳ್ತಾರಾ? ಇದು ಮೋಸ" ಅಂದಳು. ಹೌದು, ಮೋಸವೇ ಅಂದೆ. ದೊಡ್ಡವರು ಮಾಡಿದ ನಿಯಮ ಅಂತ ನಾನು ಅದನ್ನು ಸಮರ್ಥಿಸಲು ಹೋಗಲಿಲ್ಲ.

ಒಳ್ಳೆಯ ಚರ್ಚೆಗಳೂ ಆಗುತ್ತವೆ. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಸೋಷಿಯಲ್ ಮೀಡಿಯಾದಲ್ಲಿ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ದಂಡ ಬೀಳುವುದು ಮಗುವಿಗಾಗಲಿ ಅಪ್ಪ ಅಮ್ಮನಿಗಾಗಲಿ ಅಲ್ಲ, ಕಂಪನಿಗೆ. ನನಗೆ ಈ ಕಾನೂನು ಇಷ್ಟವಾಯಿತು. ಹೊರೆಯನ್ನು ಸರಿಯಾದವರ ತಲೆಯ ಮೇಲೆ ಇಟ್ಟಿದ್ದಾರೆ ಅನ್ನಿಸಿತು. ಮಗಳು ಮಾತ್ರ "ಮಕ್ಕಳನ್ನು ಕೇಳಿದ್ರಾ?" ಅಂದಳು. ಅವಳ ಪ್ರಶ್ನೆಯೂ ಸರಿಯೇ.

ಇನ್ನು ರಜೆ. ಇಲ್ಲಿ ನಾನು ಪ್ರಶ್ನೆ ಕೇಳುವವರ ಜೊತೆ ಅರ್ಧ ಒಪ್ಪುತ್ತೇನೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 17ನೇ ವಿಧಿ ಮಾಹಿತಿ ಪಡೆಯುವ ಹಕ್ಕಿನದು, 31ನೇ ವಿಧಿ ವಿಶ್ರಾಂತಿ ಮತ್ತು ಆಟದ್ದು. ಎರಡೂ ಬೇಕು. ಆದರೆ ರಜೆಯನ್ನು ಹಾಳುಮಾಡುವುದು ಮಕ್ಕಳ ಪ್ರಶ್ನೆಯಲ್ಲ, ನಮ್ಮ ಫೋನು.

ಹೋದ ರಜೆಯಲ್ಲಿ ಐದು ದಿನ ಸಮುದ್ರದ ಹತ್ತಿರ ಇದ್ದೆವು. ಮೊದಲ ದಿನ ಇವರು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಫೋನಿನಲ್ಲಿ ಏನೋ ಓದುತ್ತಿದ್ದರು. ಮಗ ಮರಳಿನಲ್ಲಿ ಗುಂಡಿ ತೋಡಿ, ಅದರೊಳಗೆ ನೀರು ಬಂದದ್ದು ನೋಡಿ "ಅಪ್ಪಾ" ಅಂದ. ಇನ್ನೊಂದು ಸಲ ಅಂದ. ನಾಲ್ಕು ಸಲ ಕರೆದ. ಐದನೇ ಸಲ ಕರೆಯಲಿಲ್ಲ, ಎರಡೂ ಕೈಯಿಂದ ಮರಳು ಎಳೆದು ಗುಂಡಿ ಮುಚ್ಚಿಬಿಟ್ಟ. ನಾನು ಛತ್ರಿಯ ಕೆಳಗಿಂದ ಎಲ್ಲ ನೋಡುತ್ತಿದ್ದೆ. ನನ್ನ ಕೈಯಲ್ಲೂ ಫೋನ್ ಇತ್ತು. ಆ ಸಂಜೆ ಇಬ್ಬರೂ ಮಾತಾಡಿಕೊಂಡೆವು. ಮಕ್ಕಳು ಮಲಗುವವರೆಗೆ ಫೋನ್ ಬ್ಯಾಗಿನಲ್ಲಿ. ಆಮೇಲೆ ಹತ್ತು ನಿಮಿಷ ನೋಡಿದರೆ ಸಾಕು. ಐದು ದಿನ ನಾವು ನೋಡದಿದ್ದರೆ ಎಲ್ಲಿಯೂ ಏನೂ ನಿಲ್ಲುವುದಿಲ್ಲ.

ಹಾಗೆ ಫೋನ್ ಒಳಗಿಟ್ಟ ಮೇಲೂ ಮೂರನೇ ದಿನ ಸುದ್ದಿ ಬಂತು. ತಂದವಳು ಮಗಳು. ಮೊಣಕಾಲುದ್ದ ಮರಳಿನಲ್ಲಿ ಕೂತು, ಯಾವ ಪೀಠಿಕೆಯೂ ಇಲ್ಲದೆ, "ಯುದ್ಧ ಆಗ್ತಿರೋ ಊರಲ್ಲೂ ರಜೆ ಇರುತ್ತಾ ಅಮ್ಮಾ?" ಅಂದಳು. ಆಗ ಏನು ಮಾಡಬೇಕಿತ್ತು? ಮನೆಗೆ ಹೋದ ಮೇಲೆ ಹೇಳ್ತೀನಿ ಅನ್ನಬೇಕಿತ್ತಾ? ಶಾಲೆ ಇದ್ದರೆ ರಜೆಯೂ ಇರಬೇಕಲ್ವಾ ಅಂದೆ. ಉಕ್ರೇನಿನ ಖಾರ್ಕಿವ್ ಅನ್ನುವ ಊರಲ್ಲಿ ಬಾಂಬಿನ ಭಯಕ್ಕೆ ಮೆಟ್ರೋ ನಿಲ್ದಾಣದೊಳಗೇ ತರಗತಿ ಮಾಡಿದ್ದಾರೆ, 2024ರಲ್ಲಿ ನೆಲದ ಕೆಳಗೇ ಒಂದು ಶಾಲೆ ಕಟ್ಟಿದ್ದಾರೆ ಅಂತ ಹೇಳಿದೆ.

"ಕಿಟಕಿ ಇಲ್ವಾ?"

"ಇಲ್ಲ."

"ಮತ್ತೆ ಆಟದ ಪೀರಿಯಡ್‌ನಲ್ಲಿ ಎಲ್ಲಿ ಆಡ್ತಾರೆ?"

ನನಗೆ ಗೊತ್ತಿಲ್ಲ ಪುಟ್ಟಾ, ತಿಳಿದುಕೊಂಡು ಹೇಳ್ತೀನಿ ಅಂದೆ. ಸ್ವಲ್ಪ ಹೊತ್ತು ಸಮುದ್ರ ನೋಡುತ್ತಾ ಕೂತಿದ್ದಳು. ಆಮೇಲೆ ತಮ್ಮನನ್ನು ಕರೆದುಕೊಂಡು ನೀರಿಗೆ ಓಡಿದಳು. ಸಂಜೆಯವರೆಗೆ ಇಬ್ಬರನ್ನೂ ಆಚೆ ತರಲು ಆಗಲಿಲ್ಲ.

ಊರಿಗೆ ಬಂದ ಮೇಲೆ ಅತ್ತೆ ಫೋನ್ ಮಾಡಿದ್ದರು. ರಜೆ ಹೇಗಿತ್ತು ಅಂದರು, ಇದನ್ನೂ ಹೇಳಿದೆ. "ಅಲ್ಲೂ ಅದೇ ಮಾತಾ" ಅಂತ ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು:

"ಎಲ್ಲಿ ಆಡ್ತಾವಂತೆ ಆ ಮಕ್ಕಳು? ಗೊತ್ತಾಯ್ತಾ?"