ಮಳೆ ಬಂದ ದಿನ ಶಿಂಜುಕು ಗ್ಯೋಯೆನ್‌ನಲ್ಲಿ

ಮಳೆ ಬಂದರೆ ಮಾತ್ರ ಹೋಗಬೇಕು ಅಂತ ಊರಿನಿಂದ ಹೊರಡುವಾಗಲೇ ಅಂದುಕೊಂಡಿದ್ದ ಜಾಗ ಅದು. ಟೋಕಿಯೊದ ಶಿಂಜುಕು ಗ್ಯೋಯೆನ್ ಉದ್ಯಾನ. ಮಕೊಟೊ ಶಿಂಕಾಯ್ ಅವರ ‘ದಿ ಗಾರ್ಡನ್ ಆಫ್ ವರ್ಡ್ಸ್’ (2013) ಅನಿಮೆ, ಅಂದರೆ ಜಪಾನಿ ಅನಿಮೇಷನ್ ಚಿತ್ರ, ಹೆಚ್ಚಾಗಿ ನಡೆಯುವುದು ಅಲ್ಲೇ. 46 ನಿಮಿಷದ ಚಿತ್ರ. ಶೂ ತಯಾರಿಸುವ ಕನಸು ಹೊತ್ತ 15ರ ಹುಡುಗ ಟಕಾವೊ, ಮಳೆ ಬಂದ ಬೆಳಿಗ್ಗೆ ಕ್ಲಾಸಿಗೆ ಚಕ್ಕರ್ ಹೊಡೆದು ಇಲ್ಲಿಗೆ ಬರುತ್ತಾನೆ. ಕೊಳದ ಬಳಿಯ ಮಂಟಪದಲ್ಲಿ 27ರ ಯುಕಿನೊ ಬಿಯರ್ ಕುಡಿಯುತ್ತಾ, ಚಾಕೊಲೇಟ್ ತಿನ್ನುತ್ತಾ ಕೂತಿರುತ್ತಾಳೆ. ಮಳೆಯನ್ನು ಅಷ್ಟು ಚೆನ್ನಾಗಿ ಬಿಡಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನನ್ನ ತಮ್ಮ ಇರುವುದು ನಿಶಿ-ಕಸಾಯ್‌ನಲ್ಲಿ. ಭಾರತದವರು ಜಾಸ್ತಿ ಇರುವ ಏರಿಯಾ. ಟೋಕಿಯೊದ ಮಳೆಗಾಲ ಜೂನ್‌ನಲ್ಲಿ ಶುರುವಾಗುತ್ತದೆ, ಅದಕ್ಕೇ ಆಗ ಹೋದೆ. ಆದರೆ ಮೊದಮೊದಲು ಬರೀ ಬಿಸಿಲು.

ಬಿಸಿಲಿನ ದಿನಗಳಲ್ಲಿ ಬೇರೆ ಜಾಗಗಳಾದವು. ಕಾಮಕುರಾಕೊಕೊ-ಮಾಯೆ ನಿಲ್ದಾಣದ ಪಕ್ಕದ ರೈಲ್ವೆ ಗೇಟು, ‘ಸ್ಲ್ಯಾಮ್ ಡಂಕ್’ ಅನಿಮೆ ಸರಣಿಯ ಶುರುವಿನ ಹಾಡಿನಲ್ಲಿ ಬರುತ್ತದಲ್ಲ, ಅದು. ಆಚೆ ಸಮುದ್ರ, ಈಚೆ ಹಸಿರು-ಕೆನೆ ಬಣ್ಣದ ಎನೊಡೆನ್ ರೈಲು. ಚೆಂದವೇ. ಆದರೆ ಫೋಟೊಗಾಗಿ ರಸ್ತೆ ಮಧ್ಯೆ ನಿಲ್ಲುವವರನ್ನು ಬದಿಗೆ ಸರಿಸಲೆಂದೇ ಕಾವಲಿನವರು ಇರಬೇಕಾಗಿದೆ. ನನಗೆ ಬೇಗ ಸಾಕಾಯಿತು. ಯೊಟ್ಸುಯಾದ ಸುಗಾ ದೇಗುಲದ ಮೆಟ್ಟಿಲು (ಶಿಂಕಾಯ್ ಅವರದೇ ‘ಯುವರ್ ನೇಮ್’ ಚಿತ್ರದ್ದು, 2016) ಅದಕ್ಕಿಂತ ಇಷ್ಟವಾಯಿತು. ಕೆಂಪು ಕಂಬಿಯ ಸಾದಾ ಮೆಟ್ಟಿಲು, ಸುತ್ತ ಜನ ವಾಸ ಮಾಡುವ ಮನೆಗಳು.

ಈಗಲೂ ಸಿಟ್ಟು ಬರುವ ಸಂಗತಿಯೊಂದಿದೆ. ಅನಿಮೆ ಜಾಗಗಳನ್ನು ತೋರಿಸುತ್ತೇನೆ ಅಂತ ಮುಂಗಡ ದುಡ್ಡು ಪಡೆದ ಗೈಡ್ ಒಬ್ಬ ನಮ್ಮನ್ನು ಶಿಂಜುಕು ಗ್ಯೋಯೆನ್‌ಗೆ ಕರೆದುಕೊಂಡು ಹೋಗಿದ್ದು ಸೋಮವಾರ. ಸೋಮವಾರ ಅಲ್ಲಿ ರಜೆ! ಬೇಲಿಯಾಚೆಯ ಮರಗಳನ್ನು ತೋರಿಸಿ, ಮುಗಿಯಿತು ಅಂದ. ದುಡ್ಡು ವಾಪಸ್ ಕೊಡಲಿಲ್ಲ. ಚೆರ್ರಿ ಹೂವಿನ ಕಾಲ, ಸೇವಂತಿಗೆ ಪ್ರದರ್ಶನದ ಕಾಲ ಬಿಟ್ಟರೆ ಉದ್ಯಾನ ಸೋಮವಾರ ತೆರೆಯುವುದಿಲ್ಲ. ಸೋಮವಾರ ಸರ್ಕಾರಿ ರಜೆಯಾಗಿದ್ದರೆ ಮಂಗಳವಾರ ಮುಚ್ಚುತ್ತಾರೆ. ಯಾರ ಮಾತೂ ನಂಬದೆ ನೀವೇ ನೋಡಿಕೊಳ್ಳಿ.

ಕೊನೆಗೊಂದು ಬೆಳಿಗ್ಗೆ ತಮ್ಮ ಕಿಟಕಿ ತೆಗೆದು, “ಅಕ್ಕಾ, ಏಳು, ಮಳೆ ಹಿಡ್ಕೊಂಡಿದೆ” ಅಂದ.

ಉದ್ಯಾನದೊಳಗೆ ಹೋಗಿ ಜಪಾನಿ ಶೈಲಿಯ ತೋಟದ ಕಡೆ ತಿರುಗುತ್ತಿದ್ದಂತೆ ಊರಿನ ಸದ್ದು ನಿಂತಿತು. ಮೇಪಲ್ ಕೊಂಬೆಗಳು ನೀರಿಗೆ ಬಾಗಿದ್ದವು. ಮರಗಳ ಮೇಲೆ ಡೊಕೊಮೊ ಯೊಯೊಗಿ ಕಟ್ಟಡದ ತುದಿ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ಎಲ್ಲವೂ ಚಿತ್ರದಲ್ಲಿದ್ದ ಹಾಗೇ. ಚಿತ್ರದಲ್ಲಿ ಬಣ್ಣ ಸ್ವಲ್ಪ ಜಾಸ್ತಿ, ಇಲ್ಲಿ ಹಸಿರು ಮಬ್ಬು. ನನಗೆ ಈ ಮಬ್ಬು ಹಸಿರೇ ಹೆಚ್ಚು ಹಿಡಿಸಿತು.

ಮಂಟಪದಲ್ಲಿ ವಯಸ್ಸಾದವರೊಬ್ಬರು ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ನಾವು ಹಿಂಜರಿದು ನಿಂತಿದ್ದನ್ನು ಕಂಡು ಜಾಗ ಮಾಡಿಕೊಟ್ಟರು. ತಮ್ಮ ಅವರ ಮಾತನ್ನು ನನಗೆ ಹೇಳುತ್ತಾ ಹೋದ.

“ಚಿತ್ರ ನೋಡಿ ಬಂದವರಾ?”

ಹೌದು ಅಂದೆವು. ಅವರಿಗೆ ಮೊಮ್ಮಗಳು ತೋರಿಸಿದ್ದಳಂತೆ. ಮುಂಚೆ ಮಳೆಯಲ್ಲಿ ಇಲ್ಲಿಗೆ ಬರುತ್ತಿದ್ದವರು ಕಡಿಮೆ, ಈಗ ಯಾರಾದರೂ ಒಬ್ಬರು ಬಂದು ಕೂತೇ ಇರುತ್ತಾರೆ ಅಂದರು.

“ಬಿಡಿಸಿದವರು ಇಲ್ಲಿ ಬಹಳ ಹೊತ್ತು ಕೂತಿರಬೇಕು. ಮಳೆಗೆ ಈ ಕಂಬ ಯಾವ ಕಡೆ ನೆನೆಯುತ್ತದೆ ಅಂತ ಅವರಿಗೆ ಗೊತ್ತು.”

ಕಂಬ ನೋಡಿದೆ. ಒಂದು ಬದಿ ಕಪ್ಪಾಗಿ ಒದ್ದೆಯಾಗಿತ್ತು, ಇನ್ನೊಂದು ಬದಿ ಒಣಗಿಯೇ ಇತ್ತು. ಕ್ಯಾಮೆರಾ ಇಟ್ಟರೆ ಎದುರಿಗಿದ್ದದ್ದೆಲ್ಲ ತಾನಾಗಿ ಸೆರೆಯಾಗುತ್ತದೆ. ಬಿಡಿಸುವವರು ಒಂದೊಂದು ಎಲೆಯನ್ನೂ ನೋಡಿ, ಇದು ಬೇಕು ಅಂತ ಆರಿಸಿ ಬಿಡಿಸಬೇಕು. ಇಷ್ಟು ದಿನ ಈ ಚಿತ್ರವನ್ನು ಸುಮ್ನೆ ಕಥೆಗಾಗಿ ನೋಡಿದ್ದೆ ಅನ್ನಿಸಿತು.

ನಿಮ್ಮೂರಲ್ಲೂ ಹೀಗೆ ಜನ ಹುಡುಕಿಕೊಂಡು ಹೋಗುವ ಜಾಗ ಇದೆಯಾ ಅಂತ ಕೇಳಿದರು. ಆಗುಂಬೆಯ ದೊಡ್ಡಮನೆಯ ಬಗ್ಗೆ ಹೇಳಿದೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಮನೆ. ಬಂದವರಿಗೆ ಕಷಾಯ ಕೊಟ್ಟು ಊಟ ಹಾಕಿದ ಮನೆ.

“ಮನೆಯವರಿಗೆ ಬೇಸರವಾಗುವುದಿಲ್ಲವೇ?”

ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗಿದ್ದೆ, ಮನೆಯವರು ನಗುತ್ತಲೇ ಒಳಗೆ ಕರೆದಿದ್ದರು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಾವು ಇರುವುದು ಯೊಟ್ಸುಯಾದಲ್ಲಿ, ಸುಗಾ ದೇಗುಲದ ಆ ಮೆಟ್ಟಿಲಿನ ಹತ್ತಿರವೇ ಅಂತ ಆಮೇಲೆ ಹೇಳಿದರು.

“ಬರಲಿ, ನನಗೆ ಖುಷಿಯೇ. ರಾತ್ರಿ ಹೊತ್ತು ಅಲ್ಲಿ ನಿಂತು ಜೋರಾಗಿ ಮಾತಾಡುತ್ತಾರಲ್ಲ, ಅದೊಂದು ಬೇಡ. ನನ್ನ ಹೆಂಡತಿಗೆ ನಿದ್ದೆ ಕಡಿಮೆ.”

ಇದನ್ನು ಬರೆಯುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೆ, ಬರೆದಿದ್ದೇನೆ. ಆ ಮೆಟ್ಟಿಲಿಗೆ ಹಗಲಿನಲ್ಲೇ ಹೋಗಿ, ಮೆಲ್ಲಗೆ ಮಾತಾಡಿ.

ಉದ್ಯಾನಕ್ಕೆ ದೊಡ್ಡವರ ಟಿಕೆಟ್ 500 ಯೆನ್. ಮರುನೌಚಿ ಲೈನಿನ ಶಿಂಜುಕು-ಗ್ಯೋಯೆನ್-ಮಾಯೆಯಲ್ಲಿ ಇಳಿದರೆ ನಡೆದೇ ಹೋಗಬಹುದು. ಯುಕಿನೊ ಹಾಗೆ ಬಿಯರ್ ಒಯ್ಯಬೇಡಿ, ಒಳಗೆ ಮದ್ಯ ನಿಷೇಧ. ಮಂಟಪದಲ್ಲಿ ಯಾರಾದರೂ ಕೂತಿದ್ದರೆ ಫೋಟೊಗಾಗಿ ಏಳಿ ಅನ್ನಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ.